ಬಿಸಿಲು ಕಾಣದ ಕಂದುಬಣ್ಣ ಮತ್ತು ಅದರ ವಾಸನೆ

ಮೈಬಣ್ಣದ ವಿಷಯದಲ್ಲಿ ನಾವು ಒಂದು ದಿಕ್ಕಿಗೆ ಹೊರಟರೆ ಪಾಶ್ಚಾತ್ಯರು ಇನ್ನೊಂದು ದಿಕ್ಕಿಗೆ ಹೊರಟಿದ್ದಾರೆ. ನಮ್ಮಲ್ಲಿ ಬೆಳ್ಳಗಾಗುವ ಹಂಬಲದಿಂದ ಲೇಪನಗಳನ್ನು ಕೊಳ್ಳುವವರಿದ್ದರೆ, ಯುರೋಪು ಅಮೆರಿಕಗಳಲ್ಲಿ ಕಂದಾಗುವ ಹಂಬಲದಿಂದ ಕೊಳ್ಳುವವರಿದ್ದಾರೆ. ಇಪ್ಪತ್ತನೆಯ ಶತಮಾನದ ಆದಿಭಾಗದವರೆಗೆ ಅಲ್ಲಿಯೂ ಬಿಸಿಲಿಗೆ ಕಂದಿದ ಮೈ ಹೊಲದ ದುಡಿಮೆಯ ಗುರುತಾಗಿತ್ತು. ಬಹುಜನರ ದುಡಿಮೆ ಕಾರ್ಖಾನೆ ಕಚೇರಿಗಳ ಒಳಗೆ ಸೇರಿದ ಮೇಲೆ ಅದೇ ಬಣ್ಣ ಸಮುದ್ರತೀರದ ವಿರಾಮದ, ಎಂದರೆ ಸಿರಿವಂತಿಕೆಯ, ಗುರುತಾಯಿತು. ಬಿಸಿಲಿನಲ್ಲಿ ಮಲಗದೆಯೇ ಆ ಬಣ್ಣವನ್ನು ಪಡೆಯಲು ಹುಟ್ಟಿಕೊಂಡ ಲೇಪನಗಳಿಗೆ ‘ಸೆಲ್ಫ್ ಟ್ಯಾನರ್’ ಎಂದು ಹೆಸರು. ಹಚ್ಚಿಕೊಂಡ ಕೆಲವು ಗಂಟೆಗಳ ಬಳಿಕ ಮೈಯಿಂದ ಹಳೆಯ ಬಿಸ್ಕತ್ತಿನಂಥ ವಾಸನೆ ಹೊರಡುವುದು ಇವುಗಳಿಗೆ ಅಂಟಿದ ಅಪಖ್ಯಾತಿ. ಅದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವೆನಿಸೀತು. ಆದರೆ ಅದರ ಉತ್ತರ ನಮ್ಮ ಅಡಿಗೆಮನೆಯ ಹೆಂಚಿನವರೆಗೂ, ತೊನ್ನಿನಿಂದ ನೊಂದವರ ಬಾಳಿನವರೆಗೂ ಚಾಚಿಕೊಂಡಿದೆ.

ಈ ಲೇಪನಗಳ ಜೀವಾಳ ಡೈಹೈಡ್ರಾಕ್ಸಿ ಅಸಿಟೋನ್ ಎಂಬ ಪುಟ್ಟ ಸಕ್ಕರೆ. ಗ್ಲೂಕೋಸಿನ ಅಣುವಿನಲ್ಲಿ ಇಂಗಾಲದ ಆರು ಪರಮಾಣುಗಳಿದ್ದರೆ ಇದರಲ್ಲಿ ಮೂರು ಮಾತ್ರ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ವಿಜ್ಞಾನಿ, ದೇಹದಲ್ಲಿ ಗ್ಲೈಕೊಜೆನ್ ಅತಿಯಾಗಿ ಶೇಖರವಾಗುವ ಹುಟ್ಟುರೋಗವುಳ್ಳ ಮಕ್ಕಳಿಗೆ ಈ ಸಕ್ಕರೆಯ ದ್ರಾವಣವನ್ನು ಕುಡಿಸಿ ಪರೀಕ್ಷಿಸುತ್ತಿದ್ದರು. ಮಕ್ಕಳ ಬಾಯಿಂದ ಚೆಲ್ಲಿದ ದ್ರಾವಣ ಬಟ್ಟೆಗೆ ಕಲೆ ಮಾಡದೆ ಚರ್ಮದ ಮೇಲೆ ಮಾತ್ರ ಕಂದು ಮಚ್ಚೆಗಳನ್ನು ಮೂಡಿಸಿದ್ದು ಅವರ ಗಮನಕ್ಕೆ ಬಂತು. ಔಷಧವನ್ನು ಅರಸಿದವರಿಗೆ ಬಣ್ಣ ದೊರೆಯಿತು! ಅವರು ಅದನ್ನು ತಮ್ಮ ಮೈಗೇ ಹಚ್ಚಿಕೊಂಡು ನೋಡಿದರು. 1960ರಲ್ಲಿ ಈ ಕುರಿತ ಲೇಖನ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವೇಳೆಗಾಗಲೇ ಸರಕು ಅಂಗಡಿಗಳನ್ನು ಸೇರತೊಡಗಿತ್ತು.

ಚರ್ಮದ ಮೇಲೆ ನಡೆಯುವುದೇನು? ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಕೋಶಗಳಿಂದ ಆದುದು. ಆ ಕೋಶಗಳ ಪ್ರೋಟೀನಿನಲ್ಲಿಯೂ ಬೆವರಿನಲ್ಲಿಯೂ ಅಮೈನೋ ಆಮ್ಲಗಳಿವೆ. ಸಕ್ಕರೆ ಇವುಗಳೊಡನೆ ಕೂಡಿ, ಹಲವು ಹಂತಗಳನ್ನು ದಾಟಿ, ಮೆಲನಾಯ್ಡಿನ್ ಎಂಬ ಕಂದು ವಸ್ತುಗಳಾಗುತ್ತದೆ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಇಂದಿಗೂ ಅದಕ್ಕೆ ಅವರದೇ ಹೆಸರು. ಹೆಂಚಿನ ಮೇಲೆ ಜೋಳದ ರೊಟ್ಟಿಗೆ ಕಂದು ಚುಕ್ಕೆ ಮೂಡುವುದು, ಹುರಿದ ಕಾಫಿ ಬೀಜಕ್ಕೆ ಬಣ್ಣ ಬರುವುದು, ಕಾಯಿಸಿ ಕೆದಕಿದ ಹಾಲು ಧಾರವಾಡದ ಪೇಢೆಯ ಕೆಂಗಂದು ತಳೆಯುವುದು, ಇವೆಲ್ಲ ಬಹುಮಟ್ಟಿಗೆ ಇದೇ ಕ್ರಿಯೆಯ ಫಲ. ಅಡಿಗೆಯಲ್ಲಿ ಬೆಂಕಿ ಬೇಕು. ಮೂರೇ ಇಂಗಾಲದ ಈ ಚುರುಕಿನ ಸಕ್ಕರೆಗಾದರೋ ಮೈಯ ಬೆಚ್ಚಗೆಯೇ ಸಾಕು.

ರೊಟ್ಟಿ ಕಂದಾಗುವಾಗ ಘಮ ಏಳುವುದಷ್ಟೆ? ಚರ್ಮ ಕಂದಾಗುವಾಗಲೂ ಹಾಗೆಯೇ. ಈ ಕ್ರಿಯೆಯ ಕವಲುಗಳಲ್ಲಿ ಗಾಳಿಗೆ ಹಾರಿಹೋಗುವ ಸಣ್ಣ ಅಣುಗಳು ಅನೇಕ ಹುಟ್ಟುತ್ತವೆ. ಪ್ರೋಲೀನ್ ಎಂಬ ಅಮೈನೋ ಆಮ್ಲದೊಡನೆ ಇದೇ ಸಕ್ಕರೆಯನ್ನು ಕಾಯಿಸಿದರೆ ಗರಿಗರಿ ಬಿಸ್ಕತ್ತಿನ ಪರಿಮಳವೇ ಬರುತ್ತದೆಂಬುದನ್ನು ಆಹಾರವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆ ಪರಿಮಳದ ಅಣುವಿನ ಹತ್ತಿರದ ಬಂಧುವೊಂದು ಬಾಸುಮತಿ ಅಕ್ಕಿಯಲ್ಲಿದೆ. ಗಂಧಕವುಳ್ಳ ಮೆಥಿಯೋನೀನಿನಿಂದ ಬೇಯಿಸಿದ ಆಲೂಗಡ್ಡೆಯ ವಾಸನೆ. ತಟ್ಟೆಯಲ್ಲಿ ನಾಲಗೆಗೆ ನೀರೂರಿಸುವುದು ಮೈಯ ಮೇಲೆ, ಬೆವರಿನೊಡನೆ ಬೆರೆತಾಗ, ಅಸಹ್ಯವೆನಿಸುತ್ತದೆ. ಹೀಗೆ ಬಣ್ಣವೂ ವಾಸನೆಯೂ ಒಂದೇ ಬಸಿರಿನ ಕೂಸುಗಳಾದುದರಿಂದ ಒಂದನ್ನಿಟ್ಟುಕೊಂಡು ಇನ್ನೊಂದನ್ನು ಪೂರ್ತಿಯಾಗಿ ಕಳೆಯುವುದು ಸಾಧ್ಯವಾಗಿಲ್ಲ. ‘ವಾಸನೆಯೇ ಇಲ್ಲ’ ಎಂಬ ಜಾಹೀರಾತನ್ನು ‘ವಾಸನೆ ಕಡಿಮೆ’ ಎಂದು ಓದಿಕೊಳ್ಳುವುದು ಲೇಸು.

1960ರ ಸುಮಾರಿನ ‘ಮ್ಯಾನ್-ಟ್ಯಾನ್’ ಮೊದಲಾದ ಲೇಪನಗಳು ಕಿತ್ತಳೆ ಬಣ್ಣದ ಪಟ್ಟೆಗಳಿಗೂ ಹೆಸರಾಗಿದ್ದವು. ತಯಾರಕರು ಮೊದಲು ಹೂಡಿದ ಉಪಾಯ ಸುಗಂಧದ್ರವ್ಯವನ್ನು ಧಾರಾಳವಾಗಿ ಸುರಿಯುವುದು. ಅದು ಫಲಿಸಲಿಲ್ಲ. ಸುಗಂಧ ಹಚ್ಚಿದ ಗಳಿಗೆಯಲ್ಲಿ ಮೇಲೆದ್ದು ಬೇಗ ಹಾರಿಹೋಗುತ್ತದೆ. ವಾಸನೆಯಾದರೋ ಬಣ್ಣ ಮೂಡತೊಡಗಿದಂತೆ, ಎರಡು ಮೂರು ಗಂಟೆಗಳ ಮೇಲೆ, ನಿಧಾನವಾಗಿ ಏಳುತ್ತದೆ. ನಿಜವಾದ ಸುಧಾರಣೆ ಬಂದುದು ಸಕ್ಕರೆಯನ್ನೇ ಎಚ್ಚರದಿಂದ ನೋಡಿಕೊಂಡಾಗ. ಗ್ಲಿಸರಿನ್ನಿನ ಮೇಲೆ ಒಂದು ಬಗೆಯ ಬ್ಯಾಕ್ಟೀರಿಯವನ್ನು ಬೆಳೆಸಿ ಈ ಸಕ್ಕರೆಯನ್ನು ತಯಾರಿಸುತ್ತಾರೆ. ಅದು ಶುದ್ಧವಾಗಿರಬೇಕು, ಸೀಸೆಯೊಳಗಿನ ಮಿಶ್ರಣ ತುಸು ಆಮ್ಲೀಯವಾಗಿರಬೇಕು. ಕ್ಷಾರ ಹೆಚ್ಚಿದರೆ, ಸೆಕೆ ತಗುಲಿದರೆ, ಹಚ್ಚುವ ಮೊದಲೇ ಸಕ್ಕರೆ ಕೆಟ್ಟು ಕಮಟು ಬರುತ್ತದೆ. ಎರಡನೆಯದಾಗಿ, ನಾಲ್ಕು ಇಂಗಾಲದ ಎರಿತ್ರುಲೋಸ್ ಎಂಬ ಸಕ್ಕರೆಯನ್ನು ಜೊತೆಗೂಡಿಸಿದರು. ಅದು ಒಂದೆರಡು ದಿನ ಹಿಡಿದು ಸಮವಾಗಿ ಬಣ್ಣ ಕೊಡುವುದರಿಂದ ಮುಖ್ಯ ಸಕ್ಕರೆಯ ಪ್ರಮಾಣವನ್ನು ತಗ್ಗಿಸಬಹುದು. ಪಿಷ್ಟದಿಂದ ಮಾಡಿದ ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಬಳೆಯಾಕಾರದ ಅಣುಗಳ ಬಳಕೆಯೂ ಬಂದಿದೆ. ಅವು ವಾಸನೆಯ ಅಣುಗಳನ್ನು ತಮ್ಮ ಪೊಳ್ಳಿನಲ್ಲಿ ಹಿಡಿದಿಡುತ್ತವೆ.

ಇಷ್ಟೆಲ್ಲ ಶ್ರಮ ಬರಿಯ ಶೋಕಿಗಾಗಿ ಎನ್ನುವಂತಿಲ್ಲ. ತೊನ್ನು ಬಂದ ಜಾಗದಲ್ಲಿ ಮೆಲನಿನ್ ಎಂಬ ಸಹಜ ಬಣ್ಣ ತಯಾರಾಗದು. ಈ ಸಕ್ಕರೆಗೆ ಮೆಲನಿನ್ ಬೇಕಿಲ್ಲ, ಪ್ರೋಟೀನು ಇದ್ದರೆ ಸಾಕು. ಆದಕಾರಣ ಬಿಳಿ ಕಲೆಗಳನ್ನು ಮರೆಮಾಡಲು ಚರ್ಮವೈದ್ಯರು ಇದನ್ನು ಬಳಸುತ್ತ ಬಂದಿದ್ದಾರೆ. ತೊನ್ನು ಅಂಟುರೋಗವಲ್ಲ, ಕುಷ್ಠವೂ ಅಲ್ಲ. ಆದರೂ ಅದರಿಂದ ಮದುವೆ ಮುರಿದ, ಪಂಕ್ತಿಯಲ್ಲಿ ಜನ ದೂರ ಸರಿದ ಪ್ರಸಂಗಗಳು ನಮ್ಮ ಸೀಮೆಯಲ್ಲಿ ಅಪರಿಚಿತವಲ್ಲ. ಮೊದಲೇ ಜನರ ದೃಷ್ಟಿಗೆ ಅಂಜಿದವರಿಗೆ ವಾಸನೆಯೂ ಗುಟ್ಟು ಬಿಟ್ಟುಕೊಟ್ಟರೆ ಆ ಲೇಪನದಿಂದ ಪ್ರಯೋಜನವೇನು? ಸತ್ತ ಕೋಶಗಳು ಉದುರಿದಂತೆ ಬಣ್ಣ ಸುಮಾರು ಒಂದು ವಾರದೊಳಗೆ ಅಳಿಯುವುದರಿಂದ ಅವರು ಮತ್ತೆ ಮತ್ತೆ ಹಚ್ಚಿಕೊಳ್ಳಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಈ ಕಂದು ಮೆಲನಿನ್ ಅಲ್ಲ. ಬಿಸಿಲಿನಿಂದ ಅದು ಕೊಡುವ ರಕ್ಷಣೆ ತೀರ ಅಲ್ಪ. ಸೂರ್ಯರಶ್ಮಿಯನ್ನು ತಡೆಯುವ ಅಂಶ ಸೇರಿಸದ ಇಂಥ ಲೇಪನಗಳ ಮೇಲೆ ಆ ಸಂಗತಿಯನ್ನು ಮುದ್ರಿಸಲೇಬೇಕೆಂದು ಅಮೆರಿಕದಲ್ಲಿ ನಿಯಮವಿದೆ. ತೊನ್ನಿನ ಜಾಗ ಬಿಸಿಲಿಗೆ ಬೇಗನೆ ಸುಡುವುದರಿಂದ ಬಣ್ಣ ಬಂದ ಮೇಲೂ ಕೊಡೆಯನ್ನೋ ತೋಳು ಮುಚ್ಚುವ ಬಟ್ಟೆಯನ್ನೋ ಬಿಡಬಾರದು. ಸೀಸೆಯನ್ನು ತಂಪಾದ ಕಡೆ ಇಡಬೇಕು, ಹಳತಾದುದನ್ನು ಬಳಸಬಾರದು. ಹಚ್ಚಿದ ಏಳೆಂಟು ಗಂಟೆಗಳ ಮೇಲೆ ಸ್ನಾನ ಮಾಡಿದರೆ ಮಿಕ್ಕ ಸಕ್ಕರೆಯೊಡನೆ ವಾಸನೆಯ ಬಹುಭಾಗವೂ ತೊಳೆದುಹೋಗಿ ಬಣ್ಣ ಮಾತ್ರ ನಿಲ್ಲುತ್ತದೆ.