ಮೂತಿ ಕತ್ತರಿಸಿದ ಸಿರಿಂಜು

10 ಎಂ.ಎಲ್. ಸಿರಿಂಜಿನಲ್ಲಿ ಸೂಜಿ ಸಿಕ್ಕಿಸುವ ಮೂತಿಯನ್ನು ಬ್ಲೇಡಿನಿಂದ ಕತ್ತರಿಸಬೇಕು. ಒಳಗಿನ ದಂಡವನ್ನು ಹೊರಗೆಳೆದು, ಕತ್ತರಿಸಿದ ಕಡೆಯಿಂದಲೇ ತಿರುಗಿ ತೂರಿಸಬೇಕು. ಹಾಗೆ ಮಾಡಿದರೆ ನುಣುಪಾದ ಅಂಚು ಮೈಗೆ ತಾಗುತ್ತದೆ, ಒರಟು ಅಂಚು ಆಚೆ ಉಳಿಯುತ್ತದೆ. ಬಾಣಂತಿ ಅದನ್ನು ಎದೆಗೆ ಇಟ್ಟುಕೊಂಡು ತಾನೇ ದಂಡವನ್ನು ಮೆಲ್ಲಗೆ ಎಳೆದರೆ, ಒಳಸೇರಿದ್ದ ಮೊಲೆತೊಟ್ಟು ಹೊರಬರುತ್ತದೆ. ನೋವಾಗುವಷ್ಟು ಎಳೆಯಬಾರದು. ಹಾಲೂಡಿಸುವ ಮುಂಚೆ ಅರ್ಧ ನಿಮಿಷ, ಒಂದು ನಿಮಿಷ ಹೀಗೆ ಮಾಡಿದರೆ ಮಗುವಿನ ಬಾಯಿಗೆ ಹಿಡಿತ ಸಿಗುತ್ತದೆ.

ಈ ಉಪಾಯವನ್ನು 1993ರಲ್ಲಿ ‘ಜರ್ನಲ್ ಆಫ್ ಹ್ಯೂಮನ್ ಲ್ಯಾಕ್ಟೇಶನ್’ ಪತ್ರಿಕೆಯಲ್ಲಿ ಬರೆದವರು ದಾವಣಗೆರೆಯ ಮಕ್ಕಳ ವೈದ್ಯರು: ಡಾ. ನಿರ್ಮಲಾ ಕೇಸರಿ, ಡಾ. ಸಿ.ಆರ್. ಬಾಣಾಪುರಮಠ ಮತ್ತು ಸಂಗಡಿಗರು. ಸ್ತನ್ಯಪಾನದ ಬಗ್ಗೆ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ರೂಪಿಸಿದ ಪಠ್ಯದಲ್ಲೂ ಸಿರಿಂಜಿನ ಈ ವಿಧಾನವಿದೆ. ಬೆಣ್ಣೆ ದೋಸೆಯ ಊರೆಂದು ಹೆಮ್ಮೆಪಡುವ ನಾವು ಇದನ್ನೂ ಹೇಳಿಕೊಳ್ಳಬೇಕು.

ಊರಿನ ಆರೋಗ್ಯಕ್ಕೆ ಆಸ್ಪತ್ರೆ ಏನು ಕೊಟ್ಟಿತು ಎಂದು ಕೇಳಿದರೆ ಕಟ್ಟಡ, ಹಾಸಿಗೆ, ಶಿಬಿರಗಳ ಲೆಕ್ಕ ಮುಂದೆ ಬರುತ್ತದೆ. ನಮ್ಮ ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿದ್ದು 1958ರಲ್ಲಿ, ಅದರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ. ಬಾಪೂಜಿ ಮಕ್ಕಳ ಆಸ್ಪತ್ರೆ ಆಮೇಲಿನದು. ಅವೆಲ್ಲ ಬೇಕೇ ಬೇಕಿತ್ತು. ನನ್ನ ಕಣ್ಣಿಗೆ ಇನ್ನೂ ದೊಡ್ಡದಾಗಿ ಕಾಣುವುದು ಬಾಣಂತಿಯ ಪಕ್ಕ ವೈದ್ಯರು ಕುಳಿತ ಹೊತ್ತು. ಅದಕ್ಕೆ ಬಿಲ್ಲು ಹಾಕಲು ಬರುವುದಿಲ್ಲ. ಡಬ್ಬಿ ಹಾಲು ಬರೆದುಕೊಡಲು ಒಂದು ನಿಮಿಷ ಸಾಕು. ಎದೆಹಾಲು ಕುಡಿಸಲು ಕಲಿಸುವುದಕ್ಕೆ ಒಂದು ತಾಸೂ ಸಾಲದು.

‘ಹಾಲು ಬತ್ತಿತು’ ಎಂಬ ಮಾತು ನಮ್ಮ ಮನೆಗಳಲ್ಲಿ ತೀರ್ಪಿನ ಹಾಗೆ ಬೀಳುತ್ತದೆ. ಆದರೆ ಮಗು ಚೀಪಿದಷ್ಟೂ ಹಾಲು ಊರುತ್ತದೆ. ಬತ್ತಿದ ಎದೆಗೆ ಮಗುವನ್ನು ದಿನಕ್ಕೆ ಹತ್ತು ಹನ್ನೆರಡು ಸಲ ಹಿಡಿಸಿ, ಅದು ಬೇಸತ್ತು ಬಿಡದಂತೆ ಮೇಲಿನಿಂದ ಹನಿಹನಿಯಾಗಿ ಹಾಲು ಇಳಿಬಿಟ್ಟರೆ, ಅನೇಕರಲ್ಲಿ ಹಾಲು ಮರಳುತ್ತದೆ. ಹೀಗೆ ಹಾಲು ಮರಳಿಸುವ ಬಗೆಯನ್ನೂ ಇದೇ ವೈದ್ಯರು 1993ರಲ್ಲಿ ‘ಇಂಡಿಯನ್ ಪೀಡಿಯಾಟ್ರಿಕ್ಸ್’ನಲ್ಲಿ ದಾಖಲಿಸಿದರು. ಮಧ್ಯ ಕರ್ನಾಟಕದ ಹಳ್ಳಿಗಳಲ್ಲಿ ಎದೆಹಾಲು ಕುಡಿಸುವ ರೂಢಿ ಹೇಗಿದೆ ಎಂಬ ಅಧ್ಯಯನವನ್ನೂ 1996ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಅಜ್ಜಿ ಕೂಸಿನ ಬಾಯಿಗೆ ಮೊದಲು ಸಕ್ಕರೆ ನೀರು, ಜೇನು, ಹರಳೆಣ್ಣೆ ಮುಟ್ಟಿಸುತ್ತಾಳೆ, ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲಿಸುತ್ತಾಳೆ ಎಂದರೆ ವೈದ್ಯರು ಅಜ್ಜಿಯೊಂದಿಗೂ ಮಾತಾಡಬೇಕು. ರೋಗದ ವಿರುದ್ಧ ಕೂಸಿಗೆ ಸಿಗುವ ಮೊದಲ ರಕ್ಷಣೆ ಆ ಹಳದಿ ಹಾಲಿನಲ್ಲೇ ಇದೆ.

ಹಾಲಿನ ಪುಡಿ, ಬಾಟಲಿಗಳ ಜಾಹೀರಾತಿಗೆ ಕಡಿವಾಣ ಹಾಕುವ ಕಾಯ್ದೆ ನಮ್ಮ ದೇಶಕ್ಕೆ 1992ರಲ್ಲೇ ಬಂತು. ಬದುಕಿನ ಒತ್ತಡಕ್ಕೆ ಯಾವ ಕಾಯ್ದೆಯೂ ಇಲ್ಲ. ಭದ್ರಾ ನಾಲೆಗೆ ನೀರು ಬಿಟ್ಟೊಡನೆ ಹರಿಹರ, ಮಲೇಬೆನ್ನೂರು ಕಡೆಯ ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ಕೂಲಿಗೆ ಹೋಗುವ ತಾಯಿ ಕೂಸನ್ನು ಮನೆಯಲ್ಲಿ ಬಿಟ್ಟಿರುತ್ತಾಳೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವಳ ಪಾಡೂ ಅದೇ. ಹಿಂಡಿದ ಎದೆಹಾಲು ಶುಚಿಯಾದ ಮುಚ್ಚಿದ ಲೋಟದಲ್ಲಿ, ತಂಪಾದ ಜಾಗದಲ್ಲಿ ಕೆಲವು ತಾಸು ಕೆಡದೆ ಇರುತ್ತದೆ, ಒಳಲೆಯಲ್ಲಿ ಕುಡಿಸಬಹುದು. ಇಷ್ಟನ್ನು ಅವಳಿಗೆ, ಅವಳ ಅತ್ತೆಗೆ, ನಾಟಿಗೆ ಹೊರಡುವ ಮುಂಚೆ ಯಾರಾದರೂ ಮನೆಗೆ ಹೋಗಿ ಹೇಳಿಕೊಡಬೇಕು.