ಹಳೆಯ ಕಿಟ್ ಕಾರಿಗೆ ಹೊಸ ಎಂಜಿನ್

ನಿಮಗಿದು ಗೊತ್ತೆ? 1957ರಲ್ಲಿ ಬ್ರಿಟನ್ನಿನ ಕಾಲಿನ್ ಚಾಪ್‌ಮನ್ ಹೊರತಂದ ‘ಲೋಟಸ್ ಸೆವೆನ್’ ಕಾರನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಳ್ಳಬಹುದಿತ್ತು. ಇಡೀ ಕಾರಿನ ಮೇಲಿದ್ದ ಖರೀದಿ ತೆರಿಗೆ ಬಿಡಿಭಾಗಗಳಿಗಿರಲಿಲ್ಲ!

ಮೊದಲ ಸೆವೆನ್‌ಗಳಲ್ಲಿದ್ದದ್ದು ಫೋರ್ಡ್‌ನ 1172 ಸಿಸಿ ಎಂಜಿನ್. ಆಮೇಲೆ ಅದೇ ಕಂಪನಿಯ ‘ಕೆಂಟ್’ ಬಂತು. ಇಂಥ ಹಳೆಯ ಕಿಟ್ ಕಾರುಗಳಿಗೆ 1990ರ ದಶಕದ ಫೋರ್ಡ್ ‘ಜೆಟೆಕ್’ ಕೂರಿಸುವುದು ಅಲ್ಲಿನ ಹವ್ಯಾಸಿಗಳ ಅಚ್ಚುಮೆಚ್ಚಿನ ಕಸುಬು.

ಎಂಜಿನ್ ಎತ್ತಿ ಒಳಗಿಡುವುದು ಸುಲಭ, ತಲೆನೋವು ನಂತರದ್ದು. ಜೆಟೆಕ್ ಹುಟ್ಟಿದ್ದು ಮುಂಚಕ್ರ ಚಾಲನೆಯ ಕಾರುಗಳಲ್ಲಿ ಅಡ್ಡಲಾಗಿ ಕೂರಲು. ಹಿಂಚಕ್ರ ಚಾಲನೆಯ ಸೆವೆನ್‌ನಲ್ಲಿ ಅದನ್ನು ಉದ್ದುದ್ದ ಕೂರಿಸಿದರೆ ಬಿಸಿನೀರು ಹೊರಬರುವ ಕೊಳವೆ ಹಿಂದಿನ ತಗಡುಗೋಡೆಗೆ ತಾಗುತ್ತದೆ. ಎಣ್ಣೆತೊಟ್ಟಿ ಆಳವಾದರೆ ರಸ್ತೆಯುಬ್ಬಿಗೆ ಉಜ್ಜುತ್ತದೆ; ಅದನ್ನು ಕತ್ತರಿಸಿ ಗಿಡ್ಡ ಮಾಡಬೇಕು.

ಇನ್ನು ಇಂಧನ. ಹಳೆಯ ಎಂಜಿನ್ನಿನ ಕಾರ್ಬುರೇಟರ್‌ಗೆ ಕಡಿಮೆ ಒತ್ತಡದ ಪಂಪ್ ಸಾಕು. ಜೆಟೆಕ್‌ನ ಇಂಜೆಕ್ಷನ್‌ಗೆ ಹೆಚ್ಚಿನ ಒತ್ತಡದ ಪಂಪ್, ಸೆನ್ಸರ್‌ಗಳು, ಕಂಪ್ಯೂಟರ್, ಹೊಸ ವೈರಿಂಗ್ ಎಲ್ಲ ಬೇಕು. ಅದಕ್ಕೇ ಕೆಲವರು ಹೊಸ ಎಂಜಿನ್‌ಗೂ ಹಳೆಯ ಜೋಡಿ ಕಾರ್ಬುರೇಟರ್ ತಗುಲಿಸಿ ನಿರಾಳವಾಗುತ್ತಾರೆ!

1973ರಲ್ಲಿ ಸೆವೆನ್ ತಯಾರಿಕೆಯ ಹಕ್ಕು ಕ್ಯಾಟರ್‌ಹ್ಯಾಮ್ ಪಾಲಾಯಿತು. ಆ ಕಂಪನಿಯೂ ಎಂಜಿನ್ ಬದಲಿಸುತ್ತಲೇ ಬಂದಿದೆ: ಫೋರ್ಡ್, ರೋವರ್, ಕೊನೆಗೆ ‘ಸೆವೆನ್ 160’ರಲ್ಲಿ ಸುಜುಕಿಯ ಮೂರು ಸಿಲಿಂಡರಿನ, ಬರೀ 660 ಸಿಸಿಯ ಪುಟಾಣಿ ಟರ್ಬೊ.