ಹಗ್ಗ ಎಳೆದರೂ ಏಳದ ಮಷೀನು

ಮಳೆಗಾಲ ಹಿಡಿದು ಕೆಲವು ವಾರ ಕಳೆದರೆ ಸಾಕು, ಬೆಂಗಳೂರಿನ ಕತ್ರಿಗುಪ್ಪೆಯ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದು ನಿಲ್ಲುತ್ತದೆ. ಶೆಡ್ಡಿನ ಮೂಲೆ ಸೇರಿದ್ದ ಬ್ರಷ್ ಕಟರ್‌ಗಳು ಹೊರಗೆ ಬರುವುದು ಆಗಲೇ. ಬೇಸಿಗೆಯಿಡೀ ಸುಮ್ಮನೆ ಕೂತಿದ್ದ ಯಂತ್ರ ಹಗ್ಗ ಎಷ್ಟು ಎಳೆದರೂ ಏಳುವುದಿಲ್ಲ. ಮೊದಲ ಅನುಮಾನ ಪ್ಲಗ್ ಮೇಲೆ ಹೋಗುತ್ತದೆ. ಆದರೆ ಎಷ್ಟೋ ಸಲ ತಪ್ಪು ಟ್ಯಾಂಕಿನಲ್ಲೇ ಉಳಿದಿದ್ದ ಹಳೆಯ ಪೆಟ್ರೋಲಿನದು.

ಇಂಥ ಸಣ್ಣ ಎಂಜಿನ್‌ಗಳಲ್ಲಿ ಬಹಳಷ್ಟು ಟೂ-ಸ್ಟ್ರೋಕ್. ಕಾರಿನ ಎಂಜಿನ್‌ನಲ್ಲಿ ಆಯಿಲ್ ತುಂಬಲು ಬೇರೆ ಜಾಗವಿರುತ್ತದೆ, ಇದರಲ್ಲಿ ಇಲ್ಲ. ಪಿಸ್ಟನ್ ಮೇಲೇರುವಾಗ ಪೆಟ್ರೋಲ್-ಗಾಳಿಯ ಮಿಶ್ರಣ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಪಿಸ್ಟನ್ ಇಳಿಯುವಾಗ ಅಲ್ಲಿಂದ ಸಿಲಿಂಡರಿಗೆ ಹೋಗುತ್ತದೆ. ಹೋಗುವ ದಾರಿಯಲ್ಲಿ ಬೇರಿಂಗಿಗೂ ಪಿಸ್ಟನ್ನಿಗೂ ಎಣ್ಣೆ ಸವರುವುದು ಇದೇ ಮಿಶ್ರಣ. ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸುವುದು ಅದಕ್ಕೇ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರಿಗೆ ಬಂಕಿನಲ್ಲಿ ಆಯಿಲ್ ಅಳೆದು ಹಾಕಿಸಿದ ನೆನಪಿರುತ್ತದೆ. ಯಂತ್ರದ ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, 25:1 ಎಂದಿದ್ದರೆ 40 ಮಿ.ಲೀ. ಹೆಚ್ಚಾದರೆ ಹೊಗೆ, ಮಸಿ; ಕಡಿಮೆಯಾದರೆ ಪಿಸ್ಟನ್ ಸೀಜ್.

ಇಂಧನವೇ ಎಣ್ಣೆಯೂ ಆಗಿರುವುದರಿಂದ ಪೆಟ್ರೋಲ್ ಕೆಟ್ಟರೆ ಇಲ್ಲಿ ಆಗುವ ನಷ್ಟ ಎರಡು ಪಟ್ಟು. ಈಗ ಪೆಟ್ರೋಲಿನ ಗುಣವೂ ಬದಲಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ, ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾರಾಟಕ್ಕೆ 84 ಬಂಕುಗಳ ಮೂಲಕ ಚಾಲನೆ ಸಿಕ್ಕಿತು. ಈಗ ಅದು ಎಲ್ಲೆಡೆ ಸಿಗುವ ಮಾಮೂಲಿ ಪೆಟ್ರೋಲ್.

ಎಥೆನಾಲಿಗೆ ನೀರೆಂದರೆ ಬಲು ಪ್ರೀತಿ. ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ತೇವದ ಗಾಳಿ ಹೋಗಿ ಬಂದು ಮಾಡುತ್ತಿದ್ದರೆ ಅದರ ನೀರನ್ನು ಎಥೆನಾಲ್ ಹೀರಿಕೊಳ್ಳುತ್ತದೆ. ಮಳೆಯಲ್ಲಿ ಮುಚ್ಚಳ ತೆರೆದರೆ ನಾಲ್ಕು ಹನಿ ನೇರವಾಗಿಯೂ ಸೇರಬಹುದು. ನೀರು ಒಂದು ಮಿತಿ ದಾಟಿದಾಗ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಟೂ-ಟಿ ಆಯಿಲ್ ಬಹುಪಾಲು ಮೇಲಿನ ಪೆಟ್ರೋಲಿನಲ್ಲೇ ಉಳಿದುಬಿಡುತ್ತದೆ. ಆದರೆ ಟ್ಯಾಂಕಿನ ಪೈಪು ಹೀರುವುದು ತಳದಿಂದ. ಎಂಜಿನ್‌ಗೆ ಸಿಗುವುದು ಉರಿಯಲೊಲ್ಲದ, ಎಣ್ಣೆಯೂ ಇಲ್ಲದ ದ್ರವ. ಅನುಮಾನವಿದ್ದರೆ ಟ್ಯಾಂಕಿನ ಪೆಟ್ರೋಲನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ, ಗಾಜಿನ ಬಾಟಲಿಗೆ ಬಗ್ಗಿಸಿ ನೋಡಿ. ಎರಡು ಪದರ ಕಂಡರೆ ಅದನ್ನು ಮತ್ತೆ ಕುಲುಕಿ ಬಳಸುವಂತಿಲ್ಲ.

ನೀರು ಸೇರದಿದ್ದರೂ ಹಳೆಯ ಪೆಟ್ರೋಲ್ ಉಪದ್ರವ ಕೊಡುತ್ತದೆ. ಬೇಗ ಹೊತ್ತಿಕೊಳ್ಳುವ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಕಾರ್ಬುರೇಟರಿನ ಕೂದಲೆಳೆಯಂಥ ದಾರಿಗಳಲ್ಲಿ ಅಂಟಾಗಿ ಕೂರುತ್ತದೆ. ಬ್ರಷ್ ಕಟರನ್ನು ಹೇಗೆ ವಾಲಿಸಿದರೂ ಓಡಬೇಕಲ್ಲ, ಅದಕ್ಕೆ ಅದರ ಕಾರ್ಬುರೇಟರಿನಲ್ಲಿ ಬೈಕಿನ ಹಾಗೆ ತೇಲುವ ಫ್ಲೋಟ್ ಇರುವುದಿಲ್ಲ. ತೆಳು ಡಯಾಫ್ರಮ್‌ಗಳು ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತದಲ್ಲಿ ಮಿಡಿದು ಪೆಟ್ರೋಲನ್ನು ಎಳೆದು ಅಳೆದು ಕೊಡುತ್ತವೆ. ಅವು ಬಿರುಸಾದರೆ ಅಳತೆ ತಪ್ಪುತ್ತದೆ.

ಹಾಗಾಗಿ ಹುಡುಕಾಟ ಟ್ಯಾಂಕಿನಿಂದ ಪ್ಲಗ್‌ನ ಕಡೆಗೆ ಸಾಗಲಿ. ಮೊದಲು ಹಳೆಯ ಪೆಟ್ರೋಲ್ ತೆಗೆದು ಹೊಸ ಮಿಶ್ರಣ ಹಾಕಿ. ಕಾರ್ಬುರೇಟರಿನ ಪಕ್ಕದ ರಬ್ಬರ್ ಬಲ್ಬನ್ನು ಒತ್ತಿ ನೋಡಿ. ಬಿಟ್ಟಾಗ ಉಬ್ಬದೆ ಚಪ್ಪಟೆಯಾಗೇ ಉಳಿದರೆ ಟ್ಯಾಂಕಿನೊಳಗಿನ ಫಿಲ್ಟರ್ ಕಟ್ಟಿರಬಹುದು. ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಪೈಪ್ ಎಲ್ಲೋ ಸೀಳಿದೆ. ಸ್ವಲ್ಪ ಹೊತ್ತು ಓಡಿ ನಿಂತ ಎಂಜಿನ್ ಮುಚ್ಚಳ ಸಡಿಲಿಸಿದಾಗ ಮತ್ತೆ ಏಳುವುದಾದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ. ಹಲವು ಸಲ ಎಳೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಅಲ್ಲಿಗೆ ತಲುಪುತ್ತಿಲ್ಲ. ತೊಯ್ದಿದ್ದರೆ ಕಿಡಿ ಇಲ್ಲ, ಇಲ್ಲವೇ ಚೋಕ್ ಹೆಚ್ಚಾಗಿದೆ. ನಿಧಾನಕ್ಕೆ ಓಡಿ, ಆಕ್ಸಿಲರೇಟರ್ ಒತ್ತಿದೊಡನೆ ನಿಂತರೆ ಕಾರ್ಬುರೇಟರಿನ ಜಾಲರಿ ಅಥವಾ ಡಯಾಫ್ರಮ್ ನೋಡಬೇಕು.

ಇಷ್ಟರಲ್ಲಿ ಎಂಜಿನ್ ಎದ್ದರೂ ಕೆಲಸ ಮುಗಿಯಲಿಲ್ಲ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇ20ಕ್ಕೆ ಸುಮಾರು 13.5 ಕಿಲೋ ಸಾಕು. ಇಂಜೆಕ್ಷನ್ ಇರುವ ಹೊಸ ಸ್ಕೂಟರು ಸೆನ್ಸರ್ ನೋಡಿ ಅಳತೆ ಸರಿಮಾಡಿಕೊಳ್ಳುತ್ತದೆ. ಹಳೆಯ ಅಳತೆಗೆ ಕೂರಿಸಿದ ಕಾರ್ಬುರೇಟರಿಗೆ ಅದು ಬರದು. ಫಲವಾಗಿ ಗಾಳಿ ಹೆಚ್ಚು, ಇಂಧನ ಕಡಿಮೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಎಂಜಿನ್ 'ಲೀನ್' ಆಗಿ ಕಾಯುತ್ತದೆ.

ಕತ್ರಿಗುಪ್ಪೆಯವರಿಗೆ ಊರಿನ ಎತ್ತರದಿಂದ ತುಸು ರಕ್ಷಣೆಯಿದೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವ ಇಲ್ಲಿ ಗಾಳಿ ಶೇ. 10ರ ಆಸುಪಾಸು ತೆಳು. ಕಾರ್ಬುರೇಟರ್ ಕೊಡುವ ಪೆಟ್ರೋಲ್ ಮಾತ್ರ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದ್ದರಿಂದ ಇ20 ತಂದ ಕೊರತೆ ಒಂದಿಷ್ಟು ತುಂಬಿಕೊಳ್ಳುತ್ತದೆ. ಇಲ್ಲಿ ಟ್ಯೂನ್ ಮಾಡಿದ ಯಂತ್ರವನ್ನು ಉಡುಪಿ ಕಡೆಯ ತೋಟಕ್ಕೆ ಒಯ್ದರೆ ಆ ರಕ್ಷಣೆ ಇರುವುದಿಲ್ಲ. ಅಲ್ಲಿ ಮತ್ತೆ ಟ್ಯೂನ್ ಆಗಬೇಕು.

ಹೆಚ್ಚು ಎಚ್ಚರ ಬೇಕಿರುವುದು ಚೆನ್ನಾಗಿ ಓಡುವಂತೆ ಕಾಣುವ ಯಂತ್ರದ ಬಗ್ಗೆಯೇ. ಏಳದ ಎಂಜಿನ್ ಸವೆಯುವುದಿಲ್ಲ. ಎಂದಿಗಿಂತ ಕೀರಲು ದನಿಯಲ್ಲಿ ವೇಗವಾಗಿ ಓಡುತ್ತಿದ್ದು, ಬಿಚ್ಚಿದಾಗ ಪ್ಲಗ್‌ನ ತುದಿ ಕಂದುಬಣ್ಣದ ಬದಲು ಬಿಳಿಚಿಕೊಂಡಿದ್ದರೆ ಅದು ಲೀನ್ ಓಡುತ್ತಿರುವ ಗುರುತು. ಸದ್ದು ಬದಲಾದದ್ದು ಗೊತ್ತಾದ ಕೂಡಲೇ ಆಫ್ ಮಾಡಿ, ಮೆಕ್ಯಾನಿಕ್‌ಗೆ ತೋರಿಸುವುದು ಒಳ್ಳೆಯದು. ಸೀಜ್ ಆದ ಮೇಲೆ ಬೇಕಾಗುವುದು ಹೊಸ ಪಿಸ್ಟನ್, ಕೆಲವೊಮ್ಮೆ ಸಿಲಿಂಡರೂ. ತಡೆಯಲು ಬೇಕಾದದ್ದು ಅಗ್ಗದ ಶಿಸ್ತು: ತಿಂಗಳೊಳಗೆ ಮುಗಿಯುವಷ್ಟೇ ಮಿಶ್ರಣ, ಅಳತೆ ಗುರುತಿರುವ ಬಾಟಲಿ, ಬಿಗಿ ಮುಚ್ಚಳದ ಕ್ಯಾನು. ಸೀಸನ್ ಮುಗಿದ ದಿನ ಟ್ಯಾಂಕ್ ಬಸಿದು, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ ಎತ್ತಿಟ್ಟರೆ ಮುಂದಿನ ಮಳೆಗಾಲದಲ್ಲಿ ತೋಳಿಗೂ ನೋವಿಲ್ಲ, ಜೇಬಿಗೂ ಭಾರವಿಲ್ಲ.